ನೀರು ಸೋಸುವ ಮನೆತನ

ಇದು ಸ್ಪಿರಿಟ್ಟಿನ ವಾಸನೆಯಲ್ಲ, ಫಿನಾಯಿಲು, ಸ್ಪಿರಿಟ್ಟು ಹೀಗೆ ಗಂಟಲಿಗೆ ಬಡಿಯುವುದಿಲ್ಲ, ಮೂಗಿನ ತುದಿಯನ್ನು ತಣ್ಣಗೆ ಮುಟ್ಟಿ ಹೋಗಿಬಿಡುತ್ತದೆ, ಆಗ ಘೋಡಗೇರಿಯಲ್ಲಿ ಕಂಪೌಂಡರ ಲಗಮಪ್ಪ ಓಣಿಗೆ ಬಂದನೆಂದರೆ ಅವನ ಸೈಕಲ್ಲಿಗಿಂತ ಮೊದಲು ಆ ವಾಸನೆ ಬಂದು ಕಟ್ಟೆಯ ಮೇಲೆ ಕೂತಿರುತ್ತಿತ್ತು — ಗೋಕಾಕದ ಈ ದವಾಖಾನೆಯ ಉದ್ದ ಬಾಕಿನ ಮೇಲೆ, ಮಗಳು ಶುಭಾಂಗಿ ಮತ್ತು ಮೊಮ್ಮಗಳು ಶ್ರದ್ಧಾಳ ನಡುವೆ ಇಕ್ಕಟ್ಟಿನಲ್ಲಿ ಕೂತ ಜಿನ್ನವ್ವ ಮತ್ತೊಮ್ಮೆ ಉಸಿರೆಳೆದು ನೋಡಿದಳು, ಇಲ್ಲ, ಫಿನಾಯಿಲೇ, ಈಗಿನ ದವಾಖಾನೆಗಳಿಗೆ ವಾಸನೆಯ ಗತ್ತೇ ಇಲ್ಲ. ನಿನ್ನೆ ಮೂವರ ರಕ್ತವನ್ನೂ ತೆಗೆದುಕೊಂಡಿದ್ದಾರೆ, ಇವಳದು, ಮಗಳದು, ಮೊಮ್ಮಗಳದು, ಇವತ್ತು ಡಾಕ್ಟರಬಾಯಿ ಹೇಳುತ್ತಾರೆ, ಯಾರ ರಕ್ತದಲ್ಲಿ ಕಾಮಣಿ, ಅಂದರೆ ಕಾಮಾಲೆ, ಇದೆ, ಯಾರದರಲ್ಲಿ ಇಲ್ಲ. ಶುಭಾಂಗಿಯದು ಹೊಸ ಸುದ್ದಿಯಲ್ಲ, ಇದೇ ಹುಡುಗಿ ಹೊಟ್ಟೆಯಲ್ಲಿದ್ದಾಗಲೇ ಗೊತ್ತಾದದ್ದು. ತನ್ನದು ಏನಾದರೇನು, ಅರವತ್ತು ದಾಟಿದ ರಕ್ತ. ಆದರೆ ಈ ಹುಡುಗಿಯದು — ಈ ಹುಡುಗಿ ಕಾಲು ತೂಗುತ್ತಾ, ಗೋಡೆಗೆ ಅಂಟಿಸಿದ ಹಲ್ಲಿಲ್ಲದ ಕೂಸಿನ ಪಟಕ್ಕೆ ತಾನೂ ಹಲ್ಲು ಮುಚ್ಚಿ ನಕ್ಕು ಅಣಕಿಸುತ್ತಾ ಕೂತಿದೆ, ಸಾಲಿ ತಪ್ಪಿದ ಖುಷಿಯೊಂದೇ ಅದಕ್ಕೆ. ಆಯೀ, ನಿನ್ನೆ ಸೂಜಿ ಚುಚ್ಚಿದಾಗ ನಿನಗ ನೋವಾಗಲಿಲ್ಲೇನ? ನನಗೇನ ನೋವ, ನಾ ತಿಂದಷ್ಟು ಸೂಜಿ ನೀ ಹೋಳಿಗಿನೂ ತಿಂದಿಲ್ಲ ಬಿಡು. ಹುಡುಗಿ ಕಿಸಕ್ಕನೆ ನಗುತ್ತದೆ, ಶುಭಾಂಗಿ ನಗುವುದಿಲ್ಲ, ಸೆರಗಿನ ತುದಿಯನ್ನು ಸುತ್ತುತ್ತಾಳೆ ಬಿಚ್ಚುತ್ತಾಳೆ, ಹುಟ್ಟಿದ ದಿನ ಈ ಹುಡುಗಿಯ ತೊಡೆಯ ಮೇಲೆ ಸೂಜಿ ಎತ್ತಿದ ಜಾಗದಲ್ಲಿ ಒಂದು ಚುಕ್ಕಿ ರಕ್ತ ಎದ್ದು ನಿಂತಿತ್ತು, ಸಾಸಿವೆ ಕಾಳಿನಷ್ಟು, ಹರಿಯಲಿಲ್ಲ, ಅಳಿಯಲಿಲ್ಲ, ಸುಮ್ಮನೆ ನಿಂತಿತ್ತು.

ಲಗಮಪ್ಪ ಹುಕ್ಕೇರಿಯಿಂದ ಬರುತ್ತಿದ್ದ, ಅವನು ಓದಿದ್ದೇನೋ ಯಾರೂ ಕೇಳಿರಲಿಲ್ಲ, ಯಾವುದೋ ಡಾಕ್ಟರರ ಕೈಕೆಳಗೆ ಇದ್ದನಂತೆ, ಅಷ್ಟು ಸಾಕಿತ್ತು ಘೋಡಗೇರಿಗೆ. ಸೈಕಲ್ಲಿನ ಹಿಂದೆ ಕಟ್ಟಿದ ಸ್ಟೀಲಿನ ಡಬ್ಬಿ, ಅದರೊಳಗೆ ಗಾಜಿನ ಪಿಚಕಾರಿ ಒಂದು, ಸೂಜಿ ಒಂದು, ಮೊಂಡಾದರೆ ಕಲ್ಲಿನ ಮೇಲೆ ತಾನೇ ಮಸೆಯುತ್ತಿದ್ದ. ಜಿನ್ನವ್ವಕ್ಕಾ, ನೀರ ಕಾಯಿಸ್ರಿ, ಅಂತ ಬೆಳಿಗ್ಗೆಯೇ ಬಂದು ಡಬ್ಬಿ ಇವಳ ಒಲೆಯ ಮುಂದಿಡುವನು, ಬೇರೆ ಮನೆಯ ನೀರಲ್ಲಿ ಕುದಿಸುತ್ತಿರಲಿಲ್ಲ, ಯಾಕೆಂದರೆ ಊರಿನಲ್ಲಿ ನೀರು ಸೋಸುವ ಮನೆತನ ಅಂದರೆ ಜೈನರಾದ ಇವರದು, ಎರಡು ಪದರದ ಅರಿವೆ ಕಟ್ಟಿ ಸೋಸಿದ ನೀರು, ಆ ನೀರಲ್ಲಿ ಸೂಜಿ ಕುಣಿಕುಣಿದು ಕುದಿಯುವುದನ್ನು ನೋಡುತ್ತಾ ಇವಳಿಗೆ ಅದೆಂಥ ಹೆಮ್ಮೆ. ಕುದಿಸಿಕೊಂಡು ಓಣಿಯೆಲ್ಲ ತಿರುಗುವನು, ಒಬ್ಬರ ತೋಳು, ಇನ್ನೊಬ್ಬರ ಕುಂಡಿ, ನಡುವೆ ಸ್ಪಿರಿಟ್ಟಿನ ಹತ್ತಿಯಿಂದ ಸೂಜಿಯನ್ನು ಒಮ್ಮೆ ಒರೆಸಿದರೆ ಅದೇ ಮಡಿ, ಮಧ್ಯಾಹ್ನ ಊಟಕ್ಕೆ ಮತ್ತೆ ಇವಳ ಮನೆಗೇ ಬರುವನು, ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಮಜ್ಜಿಗೆ, ಉಂಡ ಋಣಕ್ಕೆ ಮಗ ಜಿನದತ್ತನಿಗೂ ಶುಭಾಂಗಿಗೂ ಶಕ್ತಿಯ ಸೂಜಿ, ಇವಳಿಗೂ ಒಂದು. ಕೆಂಪನೆಯ ಔಷಧಿ, ಹಾಕಿಸಿಕೊಂಡ ಸಂಜೆ ಖರೇನೇ ಮೈಯಲ್ಲಿ ಏನೋ ಹರಿದಂತಾಗುತ್ತಿತ್ತು. ಸೂಜಿ ಹಾಕದ ಡಾಕ್ಟರ ಎಂಥಾ ಡಾಕ್ಟರ, ಬರೇ ಗುಳಿಗಿ ಕೊಡಾಕ ಅಂಗಡ್ಯಾವ ಸಾಕಲ್ಲ, ಅಂತ ಆಗ ಎಲ್ಲರೂ ಅನ್ನುತ್ತಿದ್ದರು, ಇವಳು ಎಲ್ಲರಿಗಿಂತ ಗಟ್ಟಿಯಾಗಿ ಅನ್ನುತ್ತಿದ್ದಳು.

ನೀರು ಸೋಸುವುದನ್ನು ಕಲಿಸಿದವಳು ಅವ್ವ, ತವರಾದ ಕೊಣ್ಣೂರಿನಲ್ಲಿ, ಸೋಸಿದರೆ ಸಾಲದು, ಸೋಸಿದ ಅರಿವೆಯನ್ನು ತಿರುವಿ ಹಾಕಿ ಯಾವ ಬಾವಿಯ ನೀರೋ ಅದೇ ಬಾವಿಗೆ ಜಾಲಾಡಿಸಬೇಕು, ಅರಿವೆಗೆ ಹತ್ತಿದ ಜೀವಗಳು ತಮ್ಮ ಮನೆಗೆ ತಾವು ಹೋಗಬೇಕು, ಹೊಳೆಯ ನೀರಿನ ಜೀವ ಬಾವಿಗೆ ಬಿದ್ದರೆ ಪರದೇಶಿ ಆಗುತ್ತದೆ ನೋಡು, ಅಂತ ಅವ್ವ ಹಗ್ಗ ಬಿಟ್ಟು ಅರಿವೆಯನ್ನು ಎಷ್ಟು ಮೆಲ್ಲಗೆ ಇಳಿಸುತ್ತಿದ್ದಳೆಂದರೆ ನೀರಿಗೆ ಮುಟ್ಟಿದ ಸಪ್ಪಳವೂ ಬರುತ್ತಿರಲಿಲ್ಲ. ಬಾವಿಯ ಕಟ್ಟೆಯ ಮೇಲೆ ಅವ್ವನ ಪಾದ, ಕಾಲುಂಗುರದ ಕೆಳಗೆ ಬಿಳಿ ಗೆರೆ, ಕಬ್ಬಿನ ಗದ್ದೆಯ ಗಾಳಿ. ಅಂಥ ಅವ್ವನಿಗೆ ಕಾಮಣಿಯಾಯಿತು, ಜಿನ್ನವ್ವನಿಗೆ ಆಗ ಮದುವೆಯಾಗಿ ಶುಭಾಂಗಿಯೂ ಹುಟ್ಟಿದ್ದಳು, ಕಣ್ಣು ಅರಿಷಿಣ, ಉಗುರು ಅರಿಷಿಣ, ಸುಣ್ಣದ ನೀರಿನಿಂದ ಕೈ ತೊಳೆಸುವ ಮುದುಕಿ ಮಾಯವ್ವ ಬಂದು ಅವ್ವನ ಕೈಯನ್ನು ಕಂಚಿನ ತಾಟಿನ ಮೇಲೆ ಹಿಡಿದು ತಿಕ್ಕಿದಳು, ತಾಟಿನ ನೀರು ಹಳದಿಯಾಯಿತು, ನೋಡ್ರಿ ಇಳೀತು ಇಳೀತು, ಅಂದಳು ಮಾಯವ್ವ, ಎಲ್ಲರೂ ಇಣುಕಿ ನೋಡಿ ನಿಟ್ಟುಸಿರು ಬಿಟ್ಟರು, ಮಾಯವ್ವನ ಅಂಗೈಗೆ ಏನು ಹತ್ತಿತ್ತೋ ಯಾರು ನೋಡಿದರು, ನೀರಂತೂ ಹಳದಿಯಾಯಿತು, ಅವ್ವನ ಕಣ್ಣಿನದು ಇಳಿಯಲಿಲ್ಲ, ಅವ್ವ ಉಳಿಯಲಿಲ್ಲ. ಸೋಸಿ ಸೋಸಿ ಕುಡಿದಾಕಿಗೆ ಕಾಮಣಿ ಹೆಂಗ ಬಂತವ್ವಾ, ಅಂತ ಅಳಲು ಬಂದವರೆಲ್ಲ ಅಳುವುದನ್ನು ಬಿಟ್ಟು ಅದನ್ನೇ ಮಾತಾಡಿದರು, ಯಾರೋ ಅಂದರು ಅರಿವೆ ಹಳೇದಾಗಿತ್ತೇನೋ, ಅವತ್ತು ಘೋಡಗೇರಿಗೆ ಮರಳಿ ಬಂದ ಜಿನ್ನವ್ವ ಮಾಡಿದ ಮೊದಲ ಕೆಲಸವೆಂದರೆ ಹಳೆಯ ಅರಿವೆ ತೆಗೆದು ಹೊಸದು ಕಟ್ಟಿದ್ದು, ಎರಡರ ಜಾಗದಲ್ಲಿ ಮೂರು ಪದರ. ಗಂಡ ನಕ್ಕಿದ್ದರು, ಇನ್ನ ನಾಕನೇದ್ದು ಹಾಕಿದ್ರ ನೀರಽ ಇಳಿಯೂದಿಲ್ಲ ನೋಡು. ಅವರಿಗೆ ಏನೂ ಆಗಲಿಲ್ಲ, ಮುಪ್ಪಾಗಿ ನಿದ್ದೆಯಲ್ಲೇ ಹೋದರು, ಕಣ್ಣು ಕಡೆಯವರೆಗೂ ಹಾಲಿನಂತೆ ಬೆಳ್ಳಗಿತ್ತು.

ಇದೇ ದವಾಖಾನೆ, ಆಗ ಬಾಕು ಹೊಸದಿತ್ತು, ಡಾಕ್ಟರಬಾಯಿಯ ಕೂದಲು ಕಪ್ಪಗಿತ್ತು, ಶುಭಾಂಗಿಯ ಚೊಚ್ಚಲ ಬಾಣಂತನ ತವರಿನದೇ ಅಲ್ಲವೇ, ಜಿನ್ನವ್ವ ಮಗಳನ್ನು ಕರೆದುಕೊಂಡು ಬಂದಿದ್ದಳು. ಬಸುರಿಯ ರಕ್ತ ನೋಡಿದ ಡಾಕ್ಟರಬಾಯಿ ಅಂದರು, ಇಕಿ ರಕ್ತದಾಗ ಕಾಮಣಿ ಐತ್ರಿ. ಜಿನ್ನವ್ವ ಮಗಳ ಕಣ್ಣ ಕೆಳಗಿನ ರೆಪ್ಪೆ ಎಳೆದು ನೋಡಿದಳು, ಉಗುರು ನೋಡಿದಳು, ಬೆಳ್ಳಗಿದೆ, ಎಲ್ಲೈತ್ರಿ ಬಾಯಾರ, ನಮ್ಮ ಮನ್ಯಾಗ ನೀರ ಮೂರ ಪದರ ಸೋಸಿ ಕುಡಿತೇವ್ರಿ. ನೀರಿನ ಕಾಮಣಿ ಬ್ಯಾರೆ ಅವ್ವಾರ, ಇದು ರಕ್ತದ್ದು, ಹೊರಗ ಕಾಣೂದಿಲ್ಲ, ವರ್ಷಾನುಗಟ್ಟಲೆ ಸುಮ್ಮನ ಕುಂಡ್ರತೈತಿ. ಹಂಗಿದ್ರ ರಕ್ತಾನೂ ಸೋಸಾಕ ಬರತೈತೇನ್ರಿ? ಡಾಕ್ಟರಬಾಯಿ ನಕ್ಕುಬಿಟ್ಟಿದ್ದರು, ನಕ್ಕು ಆಮೇಲೆ ನಗದೆ ಹೇಳಿದ್ದರು, ತಾಯಿದು ತೆಗೆಯಾಕ ಬರೂದಿಲ್ಲ, ಕೂಸಿಗೆ ಹೋಗದಂಗ ತಡೀಬಹುದು, ಹುಟ್ಟಿದ ದಿನಾನಽ ಒಂದ ಸೂಜಿ ಹಾಕಬೇಕು, ಮುಂದ ಇನ್ನೆರಡು, ಆದರೂ ಹತ್ತ ಕೂಸಿನ್ಯಾಗ ಒಂದೆರಡಕ್ಕ ತಡಿಯೂದಿಲ್ಲ, ಅದನ್ನೂ ಈಗಽ ಹೇಳಿರ್ತೇನಿ. ಬೇರೆ ಮನೆಯ ಅತ್ತೆ-ಅವ್ವಂದಿರು ಹಸಿ ಕೂಸಿಗೆ ಸೂಜಿಯೇ ಅಂತ ಎದೆ ಬಡಿದುಕೊಳ್ಳುತ್ತಿದ್ದರು, ಅದನ್ನೇ ಎದುರು ನೋಡುತ್ತಾ ಡಾಕ್ಟರಬಾಯಿ ಮಾತು ಸಜ್ಜು ಮಾಡಿಕೊಂಡಿದ್ದರೋ ಏನೋ, ಜಿನ್ನವ್ವ ಅಂದದ್ದು, ಒಂದ ಯಾಕ, ಎರಡ ಹಾಕ್ರಿ, ನಮ್ಮ ಹುಡುಗೂರ್ನ ಸೂಜಿ ಮ್ಯಾಲಽ ಬೆಳಿಸೇನಿ ನಾ. ಹಾಗೆ ಹಾಕಿದರು, ಬೆಳಗಿನ ಜಾವ ಹುಟ್ಟಿದ ಕೂಸಿಗೆ ಬೆಳಕು ಹರಿದ ಮೇಲೆ, ಇವಳ ಮಡಿಲಲ್ಲೇ ಇತ್ತು ಕೂಸು, ಎರಡು ಬೆರಳಿಗಿಂತ ಸ್ವಲ್ಪ ದಪ್ಪದ ತೊಡೆ, ಸೂಜಿ ಹೋದದ್ದು ಅದಕ್ಕೆ ತಿಳಿಯಲಿಲ್ಲ, ಎತ್ತಿದ ಮೇಲೆ ಒಂದು ಗಳಿಗೆ ಯೋಚನೆ ಮಾಡಿ ಆಮೇಲೆ ಕಿರುಚಿತು, ಚುಕ್ಕಿ ಎದ್ದಿತ್ತು, ಕೆಂಪು ಚುಕ್ಕಿ, ಇಷ್ಟೇ.

ಕಾಮಣಿ ಎಲ್ಲಿಂದ ಬಂತು ಅನ್ನುವುದನ್ನು ಜಿನ್ನವ್ವ ಅವತ್ತೇ ತೀರ್ಮಾನಿಸಿದ್ದಳು, ಮೂಡಲಗಿಯಿಂದ, ಅಂದರೆ ಬೀಗರ ಮನೆಯಿಂದ, ಯಾಕೆಂದರೆ ಬೀಗತಿ ಪದ್ಮವ್ವ ಮೂಡಲಗಿಯ ಸಂತೆಯಲ್ಲಿ ನಿಂತು ಬರ್ಫ ಹಾಕಿದ ಕಬ್ಬಿನ ಹಾಲು ಕುಡಿದದ್ದನ್ನು ಇವಳು ಕಣ್ಣಾರೆ ಕಂಡಿದ್ದಳು, ಬರ್ಫದ ನೀರನ್ನು ಯಾರು ಸೋಸಿರುತ್ತಾರೆ. ರಕ್ತದ ಕಾಮಣಿಗೂ ಕಬ್ಬಿನ ಹಾಲಿಗೂ ಸಂಬಂಧವಿಲ್ಲ ಅಂತ ಡಾಕ್ಟರಬಾಯಿ ಹೇಳಿದ್ದು ಒಂದು ಕಿವಿಯಲ್ಲಿತ್ತು, ಕಬ್ಬಿನ ಹಾಲು ಇನ್ನೊಂದು ಕಿವಿಯಲ್ಲಿ, ಬಾಣಂತಿ ಮಗಳ ತಲೆಗೆ ಎಣ್ಣೆ ಒತ್ತುತ್ತಾ ದಿನಾ ಅದನ್ನೇ ಒತ್ತುತ್ತಿದ್ದಳು, ನಿಮ್ಮತ್ತಿ ನಾಲಿಗಿ ಚಪಲಕ್ಕ ನೀ ಅನುಭೋಗಸಾಕತ್ತಿ. ಹೆಸರಿಡುವ ದಿನ ತೊಟ್ಟಿಲ ಪಕ್ಕದಲ್ಲೇ ಆಡಿಬಿಟ್ಟಳು, ಎಲ್ಲಾರ ಎದುರಿಗೆ, ಬೀಗತೇರ, ಸಂತಿಯೊಳಗ ಹುಷಾರ್ರಿ, ನಿಮ್ಮೂರ ಕಾಮಣಿ ನನ್ನ ಮಗಳಿಗೆ ಹತ್ತೇತಿ. ಪದ್ಮವ್ವ ತೊಟ್ಟಿಲ ಹಗ್ಗ ಬಿಡಲಿಲ್ಲ, ತೂಗುತ್ತಲೇ ಅಂದಳು, ನಮ್ಮ ಮನ್ಯಾಗ ನಿಮ್ಮಳಿಯ ಜಯಪಾಲ ಹಿಡಕೊಂಡ ಎಲ್ಲಾರ ರಕ್ತಾನೂ ನೋಡಿಸೇವ್ರಿ ಅಕ್ಕಾರ, ಒಬ್ಬರಿಗೂ ಇಲ್ಲ, ತವರಮನಿ ಬಳುವಳಿ ಅಂತ ಬಂಗಾರ ಬರತೈತಿ ಅಂದಿದ್ವಿ, ಇರಲಿ, ಬಣ್ಣಾದ್ರೂ ಬಂತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಆ ಮಾತಿಗೆ ಎದುರು ಮಾತು ಹುಡುಕುತ್ತಾ ಜಿನ್ನವ್ವ ಘೋಡಗೇರಿಯಲ್ಲಿ ಎಷ್ಟೋ ಬೇಸಿಗೆ ಕಳೆದಿದ್ದಾಳೆ, ರೊಟ್ಟಿ ಬಡಿಯುವಾಗ, ಬಾವಿಗೆ ಅರಿವೆ ಬಿಡುವಾಗ, ಒಂದೂ ಸಿಕ್ಕಿಲ್ಲ, ಬಣ್ಣಾದ್ರೂ ಬಂತು — ಹೊಡೆತವೆಂದರೆ ಹಾಗಿರಬೇಕು, ಈಗ ನೆನೆದರೆ ಮೆಚ್ಚಿಗೆಯೇ ಆಗುತ್ತದೆ. ಕೂಸಿಗೆ ವರ್ಷ ತುಂಬಿದ ಮೇಲೆ ರಕ್ತ ನೋಡಬೇಕು ಅಂದಿದ್ದರು ಡಾಕ್ಟರಬಾಯಿ, ಎರಡನೆಯ ಸೂಜಿ ಆಯಿತು, ಮೂರನೆಯದೂ ಆಯಿತು, ವರ್ಷವೂ ತುಂಬಿತು, ಆಡಾಕತ್ತೈತಿ ಉಣ್ಣಾಕತ್ತೈತಿ ಯಾಕ ಸುಮ್ಮನ ಚುಚ್ಚಸೂದು, ಅಂದ ಅಳಿಯ ಜಯಪಾಲ, ಎರಡೂ ಮನೆಯವರು ಬೇರೆ ಯಾವ ವಿಷಯಕ್ಕೂ ಒಪ್ಪದವರು ಇದಕ್ಕೆ ತಟ್ಟನೆ ಒಪ್ಪಿದರು, ಬಾವಿಯ ಆಳ ನೋಡದವರಿಗೆ ಬಾವಿಯ ಭಯವಿಲ್ಲ.

ಹೋದ ವರ್ಷ ಜಿನದತ್ತ ತೀರಿಹೋಗದಿದ್ದರೆ ಈಗಲೂ ರಕ್ತ ನೋಡಿಸಲು ಬರುತ್ತಿರಲಿಲ್ಲ. ಹಿರಿಯ ಮಗ, ಹುಕ್ಕೇರಿಯಲ್ಲಿ ಪಂಪಸೆಟ್ಟಿನ ಅಂಗಡಿ, ಅಂಗಡಿಗೆ ಹೋಗುವಾಗ ಮನೆಯ ನೀರಿನ ತಂಬಿಗೆ ಒಯ್ಯುತ್ತಿದ್ದ, ಗಿರಾಕಿಗಳು ಚಹಾ ತರಿಸಿದರೆ ಬೇಡ ಅನ್ನುತ್ತಿದ್ದ, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟುತ್ತಿರಲಿಲ್ಲ, ಅಂಥವನ ಹೊಟ್ಟೆ ಉಬ್ಬತೊಡಗಿತು, ಕೈಕಾಲು ಸೊರಗಿ ಹೊಟ್ಟೆಯೊಂದೇ ಮುಂದೆ ಮುಂದೆ, ಅಂಗಡಿಯ ಗೆಳೆಯರು, ಏನಪಾ ಜಿನದತ್ತಾ ಎಷ್ಟನೇ ತಿಂಗಳು, ಅಂತ ಚೇಷ್ಟೆ ಮಾಡಿದರು, ಅವನೂ ನಕ್ಕ, ಕಣ್ಣು ಅರಿಷಿಣವಾದ ದಿನ ಯಾರೂ ನಗಲಿಲ್ಲ. ಕೊಲ್ಲಾಪುರಕ್ಕೆ ಒಯ್ದರು, ಅಲ್ಲಿಯ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಮರಾಠಿಯಲ್ಲಿ ಕೇಳಿದ ಮೊದಲ ಮಾತು, ದಾರೂ ಪಿತಾತ ಕಾ? ಕುಡಿಯುತ್ತಾನೇನು! ಸೋಸದ ನೀರನ್ನೇ ಕುಡಿಯದವನು ದಾರೂ ಕುಡಿಯುತ್ತಾನೇನು ಅಂತ ಜಿನ್ನವ್ವ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಹರಿಹಾಯ್ದಳು, ಜಿನದತ್ತ ಮಂಚದ ಮೇಲಿಂದ, ಅವ್ವಾ, ಸಾಕ ಬಿಡಬೇ, ಎಲ್ಲಾರ್ನೂ ಹಂಗಽ ಕೇಳತಾರ, ಅಂದ. ಅವನದೂ ಅದೇ ಕಾಮಣಿ, ರಕ್ತದ್ದು, ಎಳೆತನದಲ್ಲೇ ಬಂದು ನಲವತ್ತು ವರ್ಷ ಸುಮ್ಮನೆ ಕೂತು ಲಿವರು ತಿಂದದ್ದು. ಆದರೆ ಊರು ಕೊಲ್ಲಾಪುರದ ಡಾಕ್ಟರು ಕೇಳಿದ ಪ್ರಶ್ನೆಯನ್ನಷ್ಟೇ ಹಿಡಿದುಕೊಂಡಿತು, ಉತ್ತರ ಯಾರಿಗೆ ಬೇಕು, ಮಾತಾಡಿಸಲು ಬಂದವರು ಪಡಸಾಲೆಯಲ್ಲಿ ಅಯ್ಯೋ ಪಾಪ ಅಂದು ಅಂಗಳದಲ್ಲಿ ಮೆಟ್ಟು ಹಾಕಿಕೊಳ್ಳುವಾಗ, ಕದ್ದ ಕುಡೀತಿದ್ದ ಕಾಣತೈತಿ, ಜೈನರ ಹುಡುಗ ನೋಡು, ಅಂದದ್ದು ಒಳಗಿದ್ದ ಇವಳ ಕಿವಿಗೆ ಬಿತ್ತು. ಅವತ್ತು ಸೋಸುವ ಅರಿವೆಯನ್ನು ಹಿಂಡಿ ಗೂಟಕ್ಕೆ ಹಾಕುವಾಗ ಕೈ ನಿಂತುಬಿಟ್ಟಿತ್ತು, ಇಷ್ಟು ಕಾಲ ಯಾವುದನ್ನು ಸೋಸಿದೆ ನಾನು.

ಎದುರಿನ ಬಾಕಿನಲ್ಲಿ ಒಂದು ಎಳೆ ಬಾಣಂತಿ ಬಂದು ಕೂತಿತು, ಕೊರಳಲ್ಲಿ ಲಿಂಗದ ಕರಡಿಗೆ, ಮಡಿಲಲ್ಲಿ ಕೂಸು, ಕೂಸಿನ ಹಣೆಗೆ ಅಷ್ಟಗಲ ಕಾಡಿಗೆ. ಜಿನ್ನವ್ವ ಕೇಳದೆ ಬಿಡುವವಳೇ, ಯಾವೂರವ್ವಾ? ಮೂಡಲಗಿ ಬಾಜೂಕಿನವರ್ರಿ ಆಯಿ, ಭಾಗ್ಯಾ ಅಂತ ನನ್ನ ಹೆಸರ, ಕೂಸಿಗೆ ನೆಗಡಿ ಆಗೇತ್ರಿ. ಸೂಜಿ ಹಾಕಿಸೀಯೇನ ಕೂಸಿಗೆ, ಕಾಮಣಿದು? ಕಾಮಣಿದ್ದ ಯಾವುದೋ ಏನೋ ನನಗ ಗೊತ್ತಿಲ್ರಿ, ಸಿಸ್ಟರ ಬಂದು ಎಲ್ಲಾ ಕೂಸುಗಳಿಗೂ ಹಾಕಿ ಹೋಗ್ತಾರ್ರಿ, ಈಗ ಸರಕಾರದ್ದಽ ಐತಲ್ರಿ ಪುಕ್ಕಟ. ಗೊತ್ತಿಲ್ಲ ಅಂದುಬಿಟ್ಟಿತು ಹುಡುಗಿ, ನೆಗಡಿಯ ಚಿಂತೆಯೇ ಅದಕ್ಕೆ ದೊಡ್ಡದು, ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ, ಗೊತ್ತಿಲ್ಲದೆ ಬದುಕುವುದು ಎಂಥ ಐಶ್ವರ್ಯ. ಎಲ್ಲಾ ಕೂಸಿಗೂ. ಓಣಿಯ ಎಲ್ಲಾ ಕೂಸು, ಹುಕ್ಕೇರಿಯ, ಮೂಡಲಗಿಯ, ಸೋಸುವವರದು ಸೋಸದವರದು, ಇವೆಲ್ಲ ನಲವತ್ತಕ್ಕೆ ಬಂದಾಗ ಹೊಟ್ಟೆ ಉಬ್ಬುವುದಿಲ್ಲ, ಕೊಲ್ಲಾಪುರದ ಗಾಡಿ ಹತ್ತುವುದಿಲ್ಲ, ಏನೂ ಆಗುವುದಿಲ್ಲ, ಅದೇ ಆಗುವುದು, ಏನೂ ಆಗಲಿಲ್ಲ ಅಂತ ಡಂಗುರ ಸಾರುವವರಿಲ್ಲ, ಆಗದ ಸಾವಿಗೆ ಮಾತಾಡಿಸಲು ಬರುವವರಿಲ್ಲ. ಚಾತುರ್ಮಾಸಕ್ಕೆ ಬಂದ ಮುನಿ ಮಹಾರಾಜರು ಬಸದಿಯಲ್ಲಿ ಹೇಳಿದ್ದರು, ದೋಣಿಯೊಳಗೆ ಬಂದ ನೀರನ್ನು ಮೊಗೆದು ಚೆಲ್ಲುವುದು ನಿರ್ಜರೆ, ಅದು ಕಷ್ಟದ ಕೆಲಸ, ಮೊದಲು ತೂತು ಮುಚ್ಚಿರಿ, ಅದು ಸಂವರ. ಜಿನ್ನವ್ವ ಆಗ ತೂಕಡಿಸುತ್ತಿದ್ದಳು, ತೂತು ಅಂದದ್ದೊಂದು ಕಿವಿಗೆ ಬಿದ್ದು ಎಚ್ಚರಾಗಿತ್ತು.

ಕರೆದರು. ಮೂವರೂ ಒಳಗೆ. ಡಾಕ್ಟರಬಾಯಿ ಕನ್ನಡಕ ಏರಿಸಿ ಮೊದಲು ಹುಡುಗಿಯ ಮುಖ ನೋಡಿ, ಎಷ್ಟ ಎತ್ತರ ಆಗೀಯಽ, ಅಂದರು, ಹೇಳ್ರಿ ಬಾಯಾರ ಮೊದಲ, ಎತ್ತರ ಆಮ್ಯಾಲ, ಅಂದಳು ಜಿನ್ನವ್ವ, ತನ್ನ ದನಿ ತನಗೇ ಬೇರೆಯವರದ್ದೆನ್ನಿಸಿತು. ಶ್ರದ್ಧಾಗ ಏನೂ ಇಲ್ರಿ ಆಯಿ. ರಕ್ತ ಸ್ವಚ್ಛ ಐತಿ, ಅವತ್ತಿನ ಸೂಜಿ ಚಲೋ ಹತ್ತೇತಿ, ನಾಳೆ ಇಕಿ ಹಡದ ಮಕ್ಕಳಿಗೂ ಇಕಿಯಿಂದ ಹೋಗೂದಿಲ್ಲ, ಇಲ್ಲಿಗೆ ಕಡೀತು. ಶುಭಾಂಗಿ ಅಲ್ಲೇ ನಿಂತಲ್ಲೇ ಹುಡುಗಿಯನ್ನು ಅವಚಿಕೊಂಡಳು, ಬಿಡಬೇ ಅವ್ವಾ, ಉಸರ ಕಟ್ಟತೈತಿ, ಅಂತ ಹುಡುಗಿ ಕೊಸರಾಡಿತು, ಜಿನ್ನವ್ವ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. ಮತ್ತ ನಿಮ್ಮದು ಆಯಿ — ಡಾಕ್ಟರಬಾಯಿ ಮೆಲ್ಲಗೆ ಹೇಳಿದರು — ನಿಮ್ಮ ರಕ್ತದಾಗ ಐತಿ, ಬಾಳ ಹಳೇದು, ನಿಮಗೇನೂ ತ್ರಾಸ ಕೊಟ್ಟಿಲ್ಲ ಅದು, ಹಂಗಽ ಕುಂತೈತಿ. ಹಂಗಂದ್ರ ಜಿನದತ್ತಗ ನನ್ನಿಂದನಽ ಹೋತೇನ್ರಿ? ಡಾಕ್ಟರಬಾಯಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನಗ ಎಲ್ಲಿಂದ ಬಂತ್ರಿ? ನಿಮ್ಮ ಅವ್ವಾರಿಂದ ಬಂದಿರಬೇಕು, ಇಲ್ಲಾ ಯಾವುದರೆ ಹಳೇ ಸೂಜಿಯಿಂದ, ಈಗ ಹೆಂಗ ಹೇಳೂದ್ರಿ. ಲಗಮಪ್ಪನ ಸೂಜಿಯಿಂದಾದರೆ ಅದು ಬರೀ ರೋಗ, ಅವನು ಯಾರ ತೋಳಿನಿಂದ ತಂದನೋ, ಸೋಸಿದ ನೀರಲ್ಲಿ ಕುದಿಸಿ ಕೊಟ್ಟವಳು ತಾನು, ಆ ರೊಟ್ಟಿ, ಆ ಮಜ್ಜಿಗೆ. ಬೇಡ, ಅವ್ವನಿಂದಲೇ ಬಂದಿರಲಿ, ಅವ್ವ ಕೊಟ್ಟದ್ದಾದರೆ ಬಳುವಳಿ, ಪದ್ಮವ್ವ ಅಂದದ್ದೇ ಖರೆ, ತವರಿನದು, ಬಣ್ಣ, ಬಾವಿಗೆ ಜೀವಗಳನ್ನು ಅಷ್ಟು ಮೆಲ್ಲಗೆ ಇಳಿಸುತ್ತಿದ್ದವಳು ಇದನ್ನೂ ತಿಳಿಯದೆ ಅಷ್ಟೇ ಮೆಲ್ಲಗೆ ಮಗಳ ಮೈಗೆ ಇಳಿಸಿದಳೇನೋ, ತಾನೂ ಅಷ್ಟೇ ಜೋಪಾನವಾಗಿ ಕಾಯ್ದು, ಒಂದಕ್ಕೂ ಹಿಂಸೆಯಾಗದ ಹಾಗೆ ಕಾಯ್ದು — ಆಯೀ, ನಡಿಯಲ್ಲ, ಹಸಿವಾಗೈತಿ, ಹುಡುಗಿ ಸೆರಗು ಜಗ್ಗುತ್ತಿದೆ, ಜಿನದತ್ತ ಹುಟ್ಟಿದಾಗ ಈ ಸೂಜಿಽನ ಇರಲಿಲ್ಲ ಆಯಿ, ಯಾರ ತಪ್ಪೂ ಅಲ್ಲ, ಡಾಕ್ಟರಬಾಯಿ ಅನ್ನುತ್ತಿದ್ದಾರೆ, ಇರಲಿಲ್ಲ, ಹೌದು, ಇರಲಿಲ್ಲ, ಕೊಣ್ಣೂರಿನ ಬಚ್ಚಲಲ್ಲಿ ಅವ್ವ ಎರಡೂ ಕಾಲು ಚಾಚಿ ಕೂತಿದ್ದಾಳೆ, ಕಾಲ ಮೇಲೆ ಹಸಿ ಕೂಸು ಜಿನದತ್ತ, ಬೋರಲಾಗಿ, ಹಂಡೆಯ ಬಿಸಿನೀರಿನ ಉಗಿ, ನಿನ್ನ ಮಗ ಪೈಲವಾನ ಆಗತಾನ ನೋಡ ಜಿನ್ನೂ, ಅಂತ ಅವ್ವ ಅಂಗೈಗೆ ಎಣ್ಣೆ ಸುರುವಿಕೊಂಡು ತಿಕ್ಕುತ್ತಾಳೆ, ಬೆನ್ನು, ಮಂಡಿ, ತೊಡೆ, ಎಣ್ಣೆ ಹೊಳೆಯುವ ತೊಡೆ, ತಿಕ್ಕುತ್ತಾಳೆ, ಹೊರಳಿಸಿ ಇನ್ನೊಂದು ತೊಡೆ, ಗುಂಡಗಿನ ತೊಡೆ, ಕೆಂಪಗೆ, ನುಣ್ಣಗೆ, ಎಲ್ಲಿಯೂ ಒಂದು ಚುಕ್ಕಿಯಿಲ್ಲದ, ಒಂದು ಚುಕ್ಕಿಯೂ ಇಲ್ಲದ —